ಅಲೆಯುವ ಸುಖ ಯಾರದು?

ಅಲೆದಾಟದ ಬಗ್ಗೆ ಈಚೆಗೆ ಬಹಳ ಚೆಂದದ ಮಾತುಗಳು ಕೇಳಿಬರುತ್ತಿವೆ. ಮನೆ ಅನ್ನೋದು ಬಂಧನ, ದಾರಿಯೇ ನಿಜವಾದ ಮನೆ, ಗಂಟುಮೂಟೆ ಕಡಿಮೆಯಾದಷ್ಟೂ ಮನುಷ್ಯ ಹಗುರ – ಈ ಥರದ ಮಾತುಗಳು. ಇವನ್ನು ಹೇಳುವವರಿಗೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಸ್ವಂತ ಮನೆ ಇರುತ್ತದೆ ಅನ್ನುವುದು ಬೇರೆ ವಿಚಾರ. ಬಾಣಾವರದ ಸುತ್ತಿನ ಕೇರಿ, ಹಟ್ಟಿ, ತಾಂಡಾಗಳಲ್ಲಿ ಹುಟ್ಟಿದ ನಮಗೆ ಇಂಥ ಮಾತು ಕೇಳಿದರೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ. ವರ್ಷದಲ್ಲಿ ಮೂರು ನಾಲ್ಕು ತಿಂಗಳು ಪಾತ್ರೆಪಡಗ ಕಟ್ಟಿಕೊಂಡು ಕಾಫಿ ಸೀಮೆಗೆ ಹೋಗಿಬರುವ ಜನರ ಮಕ್ಕಳು ನಾವು. ನಮ್ಮ ಮನೆಗಳಲ್ಲಿ ಡಿಗ್ರಿ ಸರ್ಟಿಫಿಕೇಟು ಮೊದಲು ಕಂಡದ್ದು ನಮ್ಮ ಕಾಲಕ್ಕೆ. ಈ ಹೋಗಿಬರುವ ಬದುಕನ್ನು ಯಾರೂ ಸ್ವಾತಂತ್ರ್ಯ ಅಂತ ಕರೆದಿರಲಿಲ್ಲ. ಊರಿನವರು ಹೊಟ್ಟೆಪಾಡು ಅಂದರು. ಸರ್ಕಾರದವರು ವಲಸೆ ಅಂದರು. ನಮ್ಮ ವಿಮರ್ಶಕರು ಏನನ್ನೂ ಅನ್ನಲಿಲ್ಲ. ಈ ಲೇಖನ ಆ ಮೂರನೆಯವರ ಬಗ್ಗೆ.

ನೆಪ ಒಂದು ಅಮೆರಿಕದ ಸಿನಿಮಾ. ಹೆಸರು 'ನೋಮಡ್‌ಲ್ಯಾಂಡ್'. ಕ್ಲೋಯಿ ಝಾವ್ ನಿರ್ದೇಶಿಸಿದ ಈ ಚಿತ್ರಕ್ಕೆ 2020ರಲ್ಲಿ ವೆನಿಸ್ ಉತ್ಸವದ ಚಿನ್ನದ ಸಿಂಹ ಬಂತು, 2021ರಲ್ಲಿ ಅತ್ಯುತ್ತಮ ಚಿತ್ರ, ನಿರ್ದೇಶನ, ನಟಿ ಎಂದು ಮೂರು ಆಸ್ಕರ್ ಬಂದವು. ಜೆಸ್ಸಿಕಾ ಬ್ರೂಡರ್ ಎಂಬ ಪತ್ರಕರ್ತೆ 2017ರಲ್ಲಿ ಇದೇ ಹೆಸರಿನಲ್ಲಿ ಬರೆದ ಪುಸ್ತಕ ಇದರ ಮೂಲ. ಕಥೆ ಫರ್ನ್ ಎಂಬ ವಯಸ್ಸಾದ ಹೆಂಗಸಿನದು. ಗಂಡ ತೀರಿಕೊಂಡಿದ್ದಾನೆ. ಅವಳು ಬಾಳಿದ ಊರು ಎಂಪೈರ್. ನೆವಾಡಾ ರಾಜ್ಯದಲ್ಲಿ ಜಿಪ್ಸಮ್ ಕಾರ್ಖಾನೆಯೊಂದನ್ನು ನೆಚ್ಚಿಕೊಂಡಿದ್ದ, ಕಂಪನಿಗೇ ಸೇರಿದ ಊರು ಅದು. 2011ರಲ್ಲಿ ಕಾರ್ಖಾನೆ ಮುಚ್ಚಿತು, ಅದರ ಹಿಂದೆಯೇ ಊರೂ ಮುಚ್ಚಿತು. ಅಂಚೆಯ ಪಿನ್‌ಕೋಡು ಕೂಡ ರದ್ದಾಯಿತು. ಇದು ಕಟ್ಟುಕತೆಯಲ್ಲ, ನಡೆದದ್ದು. ಫರ್ನ್ ಒಂದು ವ್ಯಾನಿನೊಳಗೆ ಮಂಚ, ಒಲೆ, ಪೆಟ್ಟಿಗೆ ಜೋಡಿಸಿಕೊಂಡು ಹೊರಡುತ್ತಾಳೆ. ಕ್ರಿಸ್‌ಮಸ್ ಹೊತ್ತಿಗೆ ಅಮೆಜಾನ್ ಗೋದಾಮಿನಲ್ಲಿ ಪೊಟ್ಟಣ ಕಟ್ಟುವ ಕೆಲಸ, ಸುಗ್ಗಿಯಲ್ಲಿ ಬೀಟ್ ಗಡ್ಡೆಯ ಕೆಲಸ, ಬೇಸಿಗೆಯಲ್ಲಿ ಪ್ರವಾಸಿಗರು ಬಿಡಾರ ಹೂಡುವ ಜಾಗದಲ್ಲಿ ಕಕ್ಕಸು ತೊಳೆಯುವ ಕೆಲಸ. ಹಂಗಾಮು ಎಲ್ಲಿದೆಯೋ ವ್ಯಾನು ಅಲ್ಲಿ.

ಹೊಗಳಬೇಕಾದ್ದನ್ನು ಮೊದಲು ಹೊಗಳೋಣ. ಈ ಚಿತ್ರದಲ್ಲಿ ಇಂಥ ಬದುಕು ಬದುಕಿದವರೇ ಬಂದು ತಮ್ಮ ಹೆಸರಿನಲ್ಲೇ ನಟಿಸಿದ್ದಾರೆ. ಲಿಂಡಾ ಮೇ, ಸ್ವಾಂಕಿ, ಬಾಬ್ ವೆಲ್ಸ್ ಇವರ ಮುಖದ ಸುಕ್ಕು ಮೇಕಪ್ಪಿನವನು ಬರೆದದ್ದಲ್ಲ. ಕೆಲಸ ಮಾಡುವ ಕೈಗಳನ್ನು ಕ್ಯಾಮೆರಾ ನಿಧಾನವಾಗಿ ನೋಡುತ್ತದೆ. ನಮ್ಮ ಕನ್ನಡ ಸಿನಿಮಾದಲ್ಲಿ ಕೂಲಿಯವರು ಹಾಡಿಗೆ ಹಿಂದೆ ನಿಂತು ಕುಣಿಯುವವರು. ಅದನ್ನು ನೋಡಿ ಬೆಳೆದ ನಮಗೆ ಇದು ಸಣ್ಣ ವಿಷಯವಲ್ಲ.

ಆದರೆ ಚಿತ್ರದ ನಡುವೆ ಒಂದು ಕೀಲು ಇದೆ, ಅದನ್ನು ಹಿಡಿಯಬೇಕು. ಫರ್ನ್‌ಗೆ ಎರಡು ಸಲ ಮನೆ ಸಿಗುತ್ತದೆ. ವ್ಯಾನು ಕೆಟ್ಟಾಗ ದುಡ್ಡು ಕೊಟ್ಟ ಒಡಹುಟ್ಟಿದವಳು ನಮ್ಮ ಮನೇಲೇ ಇರು ಅನ್ನುತ್ತಾಳೆ. ದಾರಿಯಲ್ಲಿ ಗೆಳೆಯನಾದ ಡೇವ್ ತನ್ನ ಮಗನ ಮನೆಯಲ್ಲಿ ಬಂದು ಉಳಿ ಅನ್ನುತ್ತಾನೆ. ಎರಡನ್ನೂ ಒಲ್ಲೆ ಅಂದು ಫರ್ನ್ ವ್ಯಾನಿಗೆ ಮರಳುತ್ತಾಳೆ. ಅಲ್ಲಿಗೆ ಏನಾಯಿತು? ಕಾರ್ಖಾನೆ ಮುಚ್ಚಿ ಬೀದಿಗೆ ಬಿದ್ದವಳ ಕಥೆ, ಮನೆ ಬೇಡವೆಂದು ದಾರಿ ಆರಿಸಿಕೊಂಡವಳ ಕಥೆಯಾಯಿತು. ಬಡತನ ಸ್ವಭಾವವಾಯಿತು. ಪುಸ್ತಕ ಇಷ್ಟು ಮೃದುವಲ್ಲ. ಗೋದಾಮಿನಲ್ಲಿ ಮೈಲಿಗಟ್ಟಲೆ ನಡೆದು ಕಾಲು ಸೋಲುವ ಮುದುಕರು, ಅಲ್ಲೇ ಗೋಡೆಗೆ ತೂಗುಹಾಕಿದ ನೋವಿನ ಮಾತ್ರೆಯ ಪೆಟ್ಟಿಗೆ, ಬಾಡಿಗೆ ಕಟ್ಟಲಾಗದೆ ಚಕ್ರ ಹತ್ತಿದವರ ಲೆಕ್ಕಾಚಾರ – ಇದೆಲ್ಲ ಬ್ರೂಡರ್ ಬರೆದಿದ್ದಾರೆ. ಸಿನಿಮಾದಲ್ಲಿ ಗೋದಾಮು ಬಂದು ಹೋಗುತ್ತದೆ, ಸೂರ್ಯಾಸ್ತ ಮಾತ್ರ ಉಳಿಯುತ್ತದೆ.

ಬ್ರೂಡರ್ ಇನ್ನೊಂದು ಪ್ರಶ್ನೆಯನ್ನೂ ಎತ್ತುತ್ತಾರೆ. ಈ ವ್ಯಾನಿನ ಜನರಲ್ಲಿ ಹೆಚ್ಚಿನವರು ಯಾಕೆ ಬಿಳಿಯರೇ? ರಾತ್ರಿ ಯಾವುದೋ ಊರಿನ ರಸ್ತೆ ಬದಿ ವ್ಯಾನು ನಿಲ್ಲಿಸಿ ಮಲಗಿದಾಗ ಪೊಲೀಸು ಬಂದು ಕಿಟಕಿ ಬಡಿದರೆ, ಒಳಗಿರುವ ಮುಖ ಕಪ್ಪಾಗಿದ್ದರೆ ಏನಾಗುತ್ತದೆ? ಅಲೆಯುವುದಕ್ಕೂ ಒಂದು ಚರ್ಮ ಬೇಕು. ಇದು ಅಮೆರಿಕದ ಮಾತು. ನಮ್ಮ ದೇಶದಲ್ಲಿ ಇದಕ್ಕೆ ಕಾಯಿದೆಯೇ ಇತ್ತು. 1871ರಲ್ಲಿ ಬ್ರಿಟಿಷರು ಉತ್ತರ ಭಾರತದಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆ ತಂದರು. ಮುಂದೆ ಅದು ದಕ್ಷಿಣಕ್ಕೂ ಇಳಿಯಿತು. ನೆಲೆಯಿಲ್ಲದೆ ತಿರುಗುವ ಜಾತಿಯಲ್ಲಿ ಹುಟ್ಟಿದ್ದೇ ಅಪರಾಧ, ಠಾಣೆಗೆ ಹೋಗಿ ಹಾಜರಿ ಕೊಡಬೇಕು. ಎತ್ತಿನ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶ ಸುತ್ತಿದ ಲಂಬಾಣಿಗರ ಕಸುಬನ್ನು ರೈಲು ತಿಂದುಹಾಕಿತು, ಉಳಿದ ಮಾನವನ್ನು ಈ ಥರದ ಕಾಯಿದೆ ತಿಂದುಹಾಕಿತು. 1952ರಲ್ಲಿ ಅದು ರದ್ದಾಯಿತು. ಹಣೆಪಟ್ಟಿ ಮಾತ್ರ ಜನರ ಬಾಯಲ್ಲಿ ಉಳಿಯಿತು.

ಈಗ ನಮ್ಮ ಸೀಮೆಗೆ ಬರೋಣ. ಬಾಣಾವರ ಅರಸೀಕೆರೆ ತಾಲ್ಲೂಕಿನ ಊರು. ಅರಸೀಕೆರೆಯಿಂದ ಬೀರೂರಿನ ಕಡೆಗೆ ಹೋಗುವ ರೈಲಿನ ದಾರಿಯಲ್ಲಿದೆ. ಒಣ ನೆಲ. ಮಳೆ ಬಂದರೆ ರಾಗಿ, ಬಾರದಿದ್ದರೆ ಬರ. ತೆಂಗು ಇದ್ದವರಿಗೆ ತೆಂಗು, ಅದಕ್ಕೂ ನುಸಿ ಹತ್ತಿತು, ಬರಗಾಲದಲ್ಲಿ ಸುಳಿ ಒಣಗಿ ನಿಂತಿತು. ನೆಲ ಇಲ್ಲದವರಿಗೆ ಇದಾವುದೂ ತಮ್ಮದಲ್ಲ. ಇಲ್ಲಿಂದ ಪಡುವಣಕ್ಕೆ ಜಾವಗಲ್ಲು, ಹಳೇಬೀಡು, ಬೇಲೂರು ದಾಟಿದರೆ ಮಣ್ಣಿನ ಬಣ್ಣವೇ ಬೇರೆ. ಅಲ್ಲಿಂದಾಚೆ ಅರೇಹಳ್ಳಿ, ಮೂಡಿಗೆರೆ, ಸಕಲೇಶಪುರದ ಕಾಫಿ ಸೀಮೆ. ಮೂಡಿಗೆರೆ ಬಿಟ್ಟರೆ ಒಂದೇ ಜಿಲ್ಲೆಯ ಎರಡು ತುದಿ. ಒಂದು ಕಡೆ ಕುಡಿಯೋಕೆ ನೀರಿಲ್ಲ, ಇನ್ನೊಂದು ಕಡೆ ನೆರಳಲ್ಲಿ ಬೆಳೆಯುವ ಬೆಳೆ. ಅರೇಬಿಕಾ ಹಣ್ಣು ನವೆಂಬರಿನಿಂದ ಜನವರಿವರೆಗೆ, ರೊಬಸ್ಟಾ ಅದರ ಹಿಂದೆ ಮಾರ್ಚಿಯವರೆಗೆ. ನಮ್ಮ ಕಡೆ ರಾಗಿ ಕುಯ್ಲು ಮುಗಿಯುವ ಹೊತ್ತಿಗೆ ಅಲ್ಲಿ ಹಣ್ಣು ಕೆಂಪಾಗುತ್ತದೆ. ಎರಡು ಬೆಳೆಗಳ ಪಂಚಾಂಗ ಹೀಗೆ ಹೊಂದಿಕೊಂಡದ್ದರಿಂದ ನಮ್ಮ ಜನರ ಪಂಚಾಂಗವೂ ಹಾಗೇ ಆಯಿತು: ದೀಪಾವಳಿ ಕಳೆದು ಹೊರಡೋದು, ಯುಗಾದಿಗೆ ವಾಪಸ್ಸು.

ಹೊರಡುವ ದಿನ ಮೇಸ್ತ್ರಿ ಜೀಪೋ ಪಿಕಪ್ಪೋ ತರುತ್ತಾನೆ. ಮಳೆಗಾಲದಲ್ಲೇ ಅವನ ಹತ್ತಿರ ಮುಂಗಡ ತಗೊಂಡಿರುತ್ತದೆ. ಮಗುವಿನ ಜ್ವರಕ್ಕೋ ಮಗಳ ಮದುವೆಗೋ ಆ ದುಡ್ಡು ಖರ್ಚಾಗಿ ತಿಂಗಳುಗಳೇ ಕಳೆದಿರುತ್ತವೆ. ರಾಗಿ ಹಿಟ್ಟಿನ ಚೀಲ, ಎರಡು ಪಾತ್ರೆ, ಕಂಬಳಿ, ಕೋಳಿ ಇದ್ದರೆ ಬುಟ್ಟಿಯಲ್ಲಿ ಕೋಳಿ. ಮುದುಕರು ಊರಲ್ಲಿ, ಹಾಲು ಕುಡಿಯುವ ಕೂಸು ಸೊಂಟದಲ್ಲಿ. ಅಲ್ಲಿ ಸಿಗುವುದು ಲೈನು ಮನೆ. ಉದ್ದಕ್ಕೆ ಒಂದೇ ಗೋಡೆ, ನಡುನಡುವೆ ಅಡ್ಡಗೋಡೆ. ಒಬ್ಬರ ಒಲೆ ಹೊಗೆ ಇನ್ನೊಬ್ಬರ ಕಣ್ಣಿಗೆ. ಲೈನು ತುಂಬಿದ್ದರೆ ಪ್ಲಾಸ್ಟಿಕ್ ತಾಟು ಕಟ್ಟಿದ ಗುಡಾರ. ಫರ್ನಿಗೆ ಬಾಗಿಲು ಎಳೆದುಕೊಂಡರೆ ತನ್ನದು ಅನ್ನುವ ಒಂದು ಡಬ್ಬಿಯಾದರೂ ಇತ್ತು, ಅದಕ್ಕೆ ಚಕ್ರವೂ ಇತ್ತು. ಬೇಡವಾದರೆ ಸ್ಟಾರ್ಟ್ ಮಾಡಿಕೊಂಡು ಹೊರಡಬಹುದು. ನಮ್ಮವರ ಚಕ್ರ ಮೇಸ್ತ್ರಿಯದು.

ಕೆಲಸದ ಬಗ್ಗೆಯೂ ಹೇಳಬೇಕು, ಯಾಕೆಂದರೆ ಕಾಫಿ ಕುಡಿಯುತ್ತ ಕಾವ್ಯ ಚರ್ಚಿಸುವವರಲ್ಲಿ ಬಹಳ ಮಂದಿಗೆ ಅದು ಗೊತ್ತಿಲ್ಲ. ಹಣ್ಣು ಒಟ್ಟಿಗೆ ಮಾಗುವುದಿಲ್ಲ. ಮೊದಲ ಸುತ್ತಿನಲ್ಲಿ ಕೆಂಪಾದ್ದನ್ನು ಮಾತ್ರ ಆರಿಸಿ ಬಿಡಿಸಬೇಕು, ಕಾಯಿ ಕಿತ್ತರೆ ರೈಟರು ಬೈಯ್ತಾನೆ. ಮತ್ತೆ ಅದೇ ಗಿಡಕ್ಕೆ ಎರಡನೆ ಸುತ್ತು, ಕೊನೆಗೆ ಉಳಿದದ್ದನ್ನೆಲ್ಲ ಬಳಿಯುವ ಸುತ್ತು. ಸಂಜೆ ತೂಕ. ಎಷ್ಟು ಕೇಜಿ ಅಷ್ಟು ದುಡ್ಡು. ಗಿಡದಲ್ಲಿ ಹಣ್ಣು ತೆಳುವಾಗಿದ್ದ ದಿನ ಮೈ ಮುರಿದು ದುಡಿದರೂ ಬುಟ್ಟಿ ತುಂಬುವುದಿಲ್ಲ. ಅದು ಗಿಡದ ತಪ್ಪು, ಕಳೆಯುವುದು ಕೂಲಿಯ ದುಡ್ಡು. ಹೆಂಗಸರದು ಇದರ ಮೇಲೆ ಇನ್ನೊಂದು ಪಾಳಿ. ಕತ್ತಲಲ್ಲೆದ್ದು ಮುದ್ದೆ ಮಾಡಿ, ಮಗು ಕಟ್ಟಿಕೊಂಡು ತೋಟಕ್ಕೆ, ಸಂಜೆ ಬಂದು ಮತ್ತೆ ಒಲೆ. ನಮ್ಮ ಕೇರಿಯ ಅಜ್ಜಿಯೊಬ್ಬರು ಹೇಳುವುದು: "ಗಂಡಸ್ರಿಗೆ ಒಂದು ಸೀಮೆ ಬಿಟ್ಟು ಇನ್ನೊಂದು ಸೀಮೆ ಕಣಪ್ಪ, ನಮಗೆ ಒಂದು ಒಲೆ ಬಿಟ್ಟು ಇನ್ನೊಂದು ಒಲೆ." ಅಲೆದಾಟದ ಬಗ್ಗೆ ನಾವು ಕೇಳಿದ ಅತ್ಯಂತ ಖಚಿತ ವಿಮರ್ಶೆ ಇದು.

ಇನ್ನು ಕನ್ನಡ ಸಾಹಿತ್ಯ. ನವ್ಯದವರು ಅಲೆದಾಟವನ್ನು ಬಹಳ ಪ್ರೀತಿಸಿದರು. ಅನಂತಮೂರ್ತಿಯವರ 'ಸಂಸ್ಕಾರ' (1965) ನೆನಪಿಸಿಕೊಳ್ಳಿ. ಪ್ರಾಣೇಶಾಚಾರ್ಯರು ಅಗ್ರಹಾರ ಬಿಟ್ಟು ಹೊರಡುತ್ತಾರೆ. ಕಾಡುದಾರಿ, ಜೊತೆಗೆ ಬಿಡದೆ ಅಂಟಿಕೊಂಡ ಪುಟ್ಟ, ಮೇಳಿಗೆಯ ಜಾತ್ರೆ, ದೇವಸ್ಥಾನದ ಪಂಕ್ತಿಯ ಊಟ. ಈ ನಡಿಗೆಯ ಬಗ್ಗೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಹರಿದ ಶಾಯಿಗೆ ಲೆಕ್ಕವಿಲ್ಲ. ಅಸ್ತಿತ್ವ, ಆಯ್ಕೆ, ಪರಕೀಯತೆ ಎಲ್ಲ ಅದರಲ್ಲಿ ಸಿಕ್ಕಿತು. ಕಾದಂಬರಿ ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಆದರೆ ಒಂದು ಸರಳ ಪ್ರಶ್ನೆ ಕೇಳಿ ನೋಡಿ: ಈ ಅಲೆಮಾರಿಗೆ ಊಟ ಎಲ್ಲಿಂದ ಬರುತ್ತದೆ? ಬ್ರಾಹ್ಮಣರ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಕೂರುವುದಕ್ಕೆ ಹುಟ್ಟಿನಿಂದಲೇ ಅವರಿಗೆ ಟಿಕೇಟು ಇದೆ. ಅವರಿಗಿರುವ ಭಯ ಗುರುತು ಸಿಕ್ಕೀತು ಅನ್ನುವುದು. ನಮ್ಮವರದ್ದು ಬೇರೆ ಥರ. ಎಲ್ಲಿಗೆ ಹೋದರೂ ಕುಡಿಯುವ ಲೋಟ ಕೊಡುವ ಮುಂಚೆ ಯಾವ ಊರು, ಯಾವ ಪೈಕಿ ಅಂತ ಕೇಳುತ್ತಾರೆ. ಪ್ರಾಣೇಶಾಚಾರ್ಯರು ಜಾತಿಯನ್ನು ಬಚ್ಚಿಟ್ಟುಕೊಂಡು ನಡೆದರೆ ಅದು ತತ್ವಶಾಸ್ತ್ರ. ನಮ್ಮವರು ಹಾಗೆ ಮಾಡಿದರೆ ಅದು ಮೋಸ.

ಇದಕ್ಕೆ ಮೂವತ್ತೆರಡು ವರ್ಷ ಮುಂಚೆ, 1933ರಲ್ಲಿ, ಶಿವರಾಮ ಕಾರಂತರ 'ಚೋಮನ ದುಡಿ' ಬಂತು. ಈ ಕಾದಂಬರಿಯನ್ನು ಎಲ್ಲರೂ ನೆಲದ ಆಸೆಯ ಕಥೆಯಾಗಿ ಓದಿದ್ದಾರೆ. ಹೊಲೆಯನಾದ ಚೋಮನಿಗೆ ಬೇಸಾಯದ ಹುಚ್ಚು, ಧಣಿ ಸಂಕಪ್ಪಯ್ಯ ನೆಲ ಕೊಡಲಿಲ್ಲ, ಚೋಮ ದುಡಿ ಬಾರಿಸುತ್ತ ಸತ್ತ. 1975ರಲ್ಲಿ ಬಿ.ವಿ. ಕಾರಂತರು ಸಿನಿಮಾ ಮಾಡಿದರು, ರಾಷ್ಟ್ರಪ್ರಶಸ್ತಿ ಬಂತು, ದುಡಿಯ ಸದ್ದು ದೊಡ್ಡದಾಯಿತು. ಆ ಸದ್ದಿನಲ್ಲಿ ಒಂದು ಕೇಳಿಸದೆ ಹೋಯಿತು. ಚೋಮನ ಮನೆಯನ್ನು ಮುರಿದದ್ದು ಕಾಫಿ ತೋಟದ ಸಾಲ. ಆ ಸಾಲ ತೀರಿಸಲು ಇಬ್ಬರು ಗಂಡುಮಕ್ಕಳು ಘಟ್ಟ ಹತ್ತುತ್ತಾರೆ. ಒಬ್ಬ ರೋಗ ಹಿಡಿದು ಸಾಯುತ್ತಾನೆ, ಇನ್ನೊಬ್ಬ ಮತ ಬಿಟ್ಟು ಬೇರೆ ಬಾಳು ಕಟ್ಟಿಕೊಳ್ಳುತ್ತಾನೆ. ಆಮೇಲೆ ಮಗಳು ಬೆಳ್ಳಿ ಹೋಗುತ್ತಾಳೆ. ಅಲ್ಲಿ ತೋಟದ ಮನ್ವೇಲ, ಅವನ ಮೇಲೆ ತೋಟದ ಧಣಿ. ಸಾಲ ತೀರಿತು ಅನ್ನುವ ಮಾತು ಹೊತ್ತುಕೊಂಡು ಬೆಳ್ಳಿ ಮನೆಗೆ ಬರುವಾಗ, ಅದು ಯಾವ ನಾಣ್ಯದಲ್ಲಿ ತೀರಿತು ಅನ್ನುವುದು ಓದುವವರಿಗೆಲ್ಲ ಗೊತ್ತು. ಚೋಮನಿಗೆ ನೆಲ ಸಿಗದ್ದು ದುರಂತದ ಅರ್ಧ. ನೆಲ ಇಲ್ಲದವನ ಮಕ್ಕಳು ಹಂಗಾಮಿನ ಹಿಂದೆ ಹೋಗಲೇಬೇಕಾದ್ದು ಇನ್ನರ್ಧ. ವಿಮರ್ಶೆ ಈ ಎರಡನೆ ಅರ್ಧವನ್ನು ಕೈಬಿಟ್ಟಿತು. ಬೆಳ್ಳಿಯ ಘಟ್ಟದ ದಾರಿಗೆ ಪ್ರಾಣೇಶಾಚಾರ್ಯರ ಮೇಳಿಗೆಯ ದಾರಿಗೆ ಸಿಕ್ಕಷ್ಟು ಪುಟ ಸಿಕ್ಕಿದ್ದರೆ ಕನ್ನಡ ವಿಮರ್ಶೆಯ ಚರಿತ್ರೆಯೇ ಬೇರೆ ಇರುತ್ತಿತ್ತು.

ಕುವೆಂಪು ಇದನ್ನು ಕಂಡಿದ್ದರು. 'ಕಾನೂರು ಹೆಗ್ಗಡಿತಿ'ಯಲ್ಲಿ (1936) ಘಟ್ಟದ ಕೆಳಗಿನಿಂದ ಆಳುಗಳನ್ನು ಕರೆತರುವ ಸೇರೆಗಾರ ರಂಗಪ್ಪಸೆಟ್ಟಿ ಇದ್ದಾನೆ. ಆದರೆ ನಮ್ಮ ಕಣ್ಣು ಹೂವಯ್ಯನ ಧ್ಯಾನದ ಮೇಲೆ ನೆಟ್ಟಿರುತ್ತದೆ. ಸೇರೆಗಾರನ ಲೆಕ್ಕದ ಪುಸ್ತಕದಲ್ಲಿ ಎಷ್ಟು ಹೆಸರಿದ್ದವು ಎಂದು ಯಾರೂ ಕೇಳುವುದಿಲ್ಲ. ಇಂದಿನ ಮೇಸ್ತ್ರಿಯ ಅಪ್ಪ ಆ ಸೇರೆಗಾರ. ತೇಜಸ್ವಿಯವರು ಮೂಡಿಗೆರೆಯಲ್ಲೇ ಕಾಫಿ ಬೆಳೆದು ಬದುಕಿದವರು. ಮಲೆನಾಡಿನ ಸುಳ್ಳು ಕನಸನ್ನು ಅವರಷ್ಟು ಚೆನ್ನಾಗಿ ಒಡೆದವರಿಲ್ಲ, ಮೇಲುಕೀಳಿನ ಹಂಗಿಲ್ಲದೆ ಮನುಷ್ಯರನ್ನು ಕಂಡವರು. ಆದರೂ 'ಕರ್ವಾಲೊ' (1980) ಕಥೆ ಹೇಳುವ ದನಿ ಜಮೀನು ಇರುವವನದು, ಅದನ್ನು ಮಾರಿಬಿಡಲೇ ಅಂತ ಯೋಚಿಸಬಲ್ಲವನದು. ಮಾರಲು ಏನಾದರೂ ಇರುವವನ ಬೇಸರಕ್ಕೂ, ತನ್ನ ದುಡಿಮೆಯನ್ನು ಮಳೆಗಾಲದಲ್ಲೇ ಮಾರಿಕೊಂಡವನ ಬೇಸರಕ್ಕೂ ವ್ಯತ್ಯಾಸ ಇದೆ.

ಧಣಿಯ ಕಡೆಯ ಸಾಹಿತ್ಯ ಬಹಳ ಹಳೆಯದು. ಮಂಜರಾಬಾದಿನ ಕಡೆ ತೋಟ ಮಾಡಿದ ರಾಬರ್ಟ್ ಎಲಿಯಟ್ ಎಂಬ ಪ್ಲಾಂಟರು ಮೈಸೂರಿನ ಕಾಡುಗಳ ತನ್ನ ಅನುಭವವನ್ನು 1871ರಲ್ಲೇ ಪುಸ್ತಕ ಮಾಡಿದ. 1894ರಲ್ಲಿ ಚಿನ್ನ, ಶಿಕಾರಿ, ಕಾಫಿ ಬೆಳೆ ಸೇರಿಸಿ ಇನ್ನೊಂದು ಬರೆದ. ಅದೇ ಕಾಲದಲ್ಲಿ ದೇಶದಲ್ಲಿ 1859ರ ಕಾಯಿದೆಯೊಂದು ಜಾರಿಯಲ್ಲಿತ್ತು. ಮುಂಗಡ ತಗೊಂಡ ಕೆಲಸಗಾರ ಕೆಲಸ ಬಿಟ್ಟು ಹೋದರೆ ಅದು ಬರೀ ಸಾಲದ ವ್ಯಾಜ್ಯವಲ್ಲ, ಜೈಲಿಗೆ ಹೋಗುವ ವಿಷಯ. 1925ರಲ್ಲಿ ಅದನ್ನು ರದ್ದು ಮಾಡುವ ಕಾನೂನು ಬಂತು. ನೋಡಿ ವಿಚಿತ್ರ: ಒಂದು ಕಾಯಿದೆ ಅಲೆಯುವವನನ್ನು ಅಪರಾಧಿ ಅಂತು, ಇನ್ನೊಂದು ಕಾಯಿದೆ ತೋಟ ಬಿಟ್ಟು ಹೊರಡುವವನನ್ನು ಅಪರಾಧಿ ಅಂತು. ಅಲೆದರೂ ತಪ್ಪು, ನಿಲ್ಲದಿದ್ದರೂ ತಪ್ಪು. ನಡೆಯುವ ಹಕ್ಕು ಯಾರಿಗಿತ್ತು ಅಂದರೆ ಶಿಕಾರಿಗೆ ಹೋಗುವ ದೊರೆಗೆ ಮಾತ್ರ.

ಸ್ವಾತಂತ್ರ್ಯ ಬಂದ ಮೇಲಿನ ಕಾನೂನನ್ನೂ ಒಂದು ಕೃತಿಯ ಹಾಗೆ ಓದಬೇಕು. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆ ತೋಟದ ಕೆಲಸಗಾರರಿಗೆ ಮನೆ, ಆಸ್ಪತ್ರೆ, ಕೂಸಿನ ಮನೆ, ಮಕ್ಕಳ ಓದು ಕೊಡಬೇಕು ಅಂತು. ಒಳ್ಳೆಯದೇ. 1981ರಲ್ಲಿ ತಿದ್ದುಪಡಿಯಾಗಿ 5 ಹೆಕ್ಟೇರು, 15 ಜನ ಇರುವ ತೋಟಗಳಿಗೂ ಅದು ಅನ್ವಯಿಸಿತು. ಆದರೆ ಮನೆಯ ಕಲಮಿನಲ್ಲಿ ಒಂದು ಮಾತು ಸೇರಿತ್ತು: ತೋಟದ ಹೊರಗಿನಿಂದ ಬರುವವನು ಅದೇ ತೋಟದಲ್ಲಿ ಬಿಡದೆ ಆರು ತಿಂಗಳು ದುಡಿದಿರಬೇಕು, ಮನೆ ಬೇಕು ಅಂತ ಬರೆದು ಕೊಡಬೇಕು. ಕುಯ್ಲು ಇರುವುದು ಮೂರು ನಾಲ್ಕು ತಿಂಗಳು. ಬರೆಯಲು ಬರುವವರೆಷ್ಟು ಮಂದಿ? ಬೆಳೆ ಎಷ್ಟು ದಿನ ಅಂತ ಗೊತ್ತಿದ್ದೂ ಬರೆದ ವಾಕ್ಯ ಇದು. ಹಾಗೇ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ ಪ್ರಯಾಣದ ಭತ್ಯೆ, ಸ್ಥಳಾಂತರದ ಭತ್ಯೆ ಎಲ್ಲ ಕೊಟ್ಟಿತು, ರಾಜ್ಯದ ಗಡಿ ದಾಟಿ ಬಂದವರಿಗೆ. ಬಾಣಾವರದಿಂದ ಮೂಡಿಗೆರೆಗೆ ಹೋದವಳು ಆ ಗಡಿಯನ್ನು ದಾಟಿರಲಿಲ್ಲ. ಅವಳು ದಾಟಿದ್ದು ತನ್ನ ಮನೆಯ ಹೊಸಿಲು, ಮಗನ ಶಾಲೆ, ರೇಷನ್ ಅಂಗಡಿ. ಅದನ್ನು ಗಡಿ ಅಂತ ಕಾನೂನು ಒಪ್ಪಲಿಲ್ಲ. 2020ರಲ್ಲಿ ಪಾರ್ಲಿಮೆಂಟು ಹೊಸ ಸಂಹಿತೆಯೊಂದನ್ನು ಅಂಗೀಕರಿಸಿ ಇಂಥ ಹದಿಮೂರು ಕಾಯಿದೆಗಳನ್ನು ಅದರೊಳಗೆ ಕರಗಿಸಿತು. ಹದಿಮೂರು ಪುಸ್ತಕ ಒಂದಾದರೆ ಓದಲು ಸುಲಭ ಅನ್ನುತ್ತಾರೆ. ಓದುವುದು ಯಾರು ಅನ್ನುವುದು ನಮ್ಮ ಪ್ರಶ್ನೆ.

ಅಮೆರಿಕದಲ್ಲೇ ಇದನ್ನು ಬೇರೆ ರೀತಿ ಬರೆದವರಿದ್ದಾರೆ. ಸ್ಟೈನ್‌ಬೆಕ್ 1939ರಲ್ಲಿ ಬರೆದ 'ದಿ ಗ್ರೇಪ್ಸ್ ಆಫ್ ರಾತ್' ಕಾದಂಬರಿಯಲ್ಲಿ ಜೋಡ್ ಕುಟುಂಬ ಹಳೆ ಲಾರಿಯ ಮೇಲೆ ಸಂಸಾರ ಹೇರಿಕೊಂಡು ಒಕ್ಲಹೋಮಾದಿಂದ ಕ್ಯಾಲಿಫೋರ್ನಿಯಾಕ್ಕೆ ಹಣ್ಣು ಕೀಳಲು ಹೋಗುತ್ತದೆ. ಕೆಲಸ ಇದೆ ಬನ್ನಿ ಎಂಬ ಕರಪತ್ರ ಹಂಚಿರುತ್ತಾರೆ. ಬೇಕಾದ್ದು ಕೆಲವೇ ಜನ, ಕರೆದದ್ದು ಸಾವಿರಾರು ಜನ. ಯಾಕೆಂದರೆ ಹಸಿದವರು ಹೆಚ್ಚಾದಷ್ಟೂ ಕೂಲಿ ಇಳಿಯುತ್ತದೆ. ಪೀಚ್ ಹಣ್ಣಿನ ಪೆಟ್ಟಿಗೆಗೆ ಐದು ಸೆಂಟು, ಮುಷ್ಕರ ಮುರಿದ ಮೇಲೆ ಎರಡೂವರೆ ಸೆಂಟು. ಈ ಲೆಕ್ಕ ಕಾದಂಬರಿಯ ಒಳಗೇ ಇದೆ, ಕಾವ್ಯವನ್ನು ಕೆಡಿಸಿಲ್ಲ. ಕೂಲಿ ಯಾಕೆ ಇಳಿಯಿತು ಎಂದು ಹೇಳಿಯೂ ದೊಡ್ಡ ಕಾದಂಬರಿ ಬರೆಯಬಹುದು ಅನ್ನುವುದಕ್ಕೆ ಇದು ಸಾಕ್ಷಿ. ಇವತ್ತು ಮಲೆನಾಡಿನ ಲೈನುಗಳಿಗೆ ಅಸ್ಸಾಮು, ಬಂಗಾಳ, ಜಾರ್ಖಂಡದಿಂದ ಜನ ಬರುತ್ತಿದ್ದಾರೆ. ಅವರು ಬಂದು ನಮ್ಮ ಕೂಲಿ ಕೆಡಿಸಿದರು ಅಂತ ನಮ್ಮ ಕಡೆಯವರೇ ಗೊಣಗುತ್ತಾರೆ. ಆ ಗೊಣಗಾಟಕ್ಕೆ ಉತ್ತರ ಸ್ಟೈನ್‌ಬೆಕ್ಕನಲ್ಲಿದೆ: ಕರಪತ್ರ ಹಂಚಿದವನು ಯಾರು ಅಂತ ಕೇಳಿ, ಬಂದವನನ್ನು ಬೈಯಬೇಡಿ. ನಮ್ಮ ಕಡೆಯವರು ಘಟ್ಟಕ್ಕೆ ಮೊದಲು ಹೋದಾಗಲೂ ಅಲ್ಲಿನ ಆಳುಗಳು ಇದೇ ಮಾತು ಆಡಿರುತ್ತಾರೆ.

ಹಾಗಾದರೆ ಹೋಗುವುದೆಲ್ಲ ಬರೀ ದುಃಖವೇ? ಇಲ್ಲಿ ಸುಳ್ಳು ಹೇಳಬಾರದು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯನ್ನು ಹೊಗಳುವವರಿಗೆ ಕೊಟ್ಟ ಏಟು ನೆನಪಿರಲಿ. ಹಳ್ಳಿ ನಮಗೆ ತವರಲ್ಲ. ಊರು ಬಿಟ್ಟ ನಾಲ್ಕು ತಿಂಗಳು ಊರ ಗೌಡರ ಮನೆ ಮುಂದೆ ಬಿಟ್ಟಿ ಹೋಗುವಂತಿಲ್ಲ, ಹಬ್ಬಕ್ಕೆ ತಮಟೆ ಹೊರುವಂತಿಲ್ಲ, ಕೈಗೆ ದುಡ್ಡು ಬರುತ್ತದೆ. ನಮ್ಮಲ್ಲಿ ಕೆಲವರ ಕಾಲೇಜು ಫೀಜು ಕಟ್ಟಿದ್ದು ಆ ಕಾಫಿ ಹಣ್ಣಿನ ದುಡ್ಡೇ. "ಅಲ್ಲಿ ಮೈ ನೋಯ್ತದೆ, ಇಲ್ಲಿ ಮನಸು ನೋಯ್ತದೆ" ಅನ್ನುವ ಮಾತು ನಮ್ಮ ಕೇರಿಗಳಲ್ಲಿ ಕೇಳಿಬರುತ್ತದೆ. ಫರ್ನ್ ವ್ಯಾನು ಹತ್ತಿದಾಗ ಅವಳ ಮುಖದಲ್ಲಿ ಬಂದ ಬಿಡುಗಡೆಯ ಭಾವ ನಮ್ಮ ಹೆಂಗಸರ ಮುಖದಲ್ಲೂ ಬರುವುದುಂಟು, ಪಿಕಪ್ಪು ಊರ ಅಗಸೆ ದಾಟಿದ ಗಳಿಗೆಯಲ್ಲಿ. ಅದನ್ನು ಇಲ್ಲವೆಂದರೆ ಅವರ ಅನುಭವವನ್ನೇ ಇಲ್ಲ ಅಂದ ಹಾಗೆ. ನಮ್ಮ ತಕರಾರು ಆ ಬಿಡುಗಡೆಯ ಮೇಲಲ್ಲ. ಲೈನು ತಲುಪಿದ ಮೇಲೆ ಅಲ್ಲೂ ಯಾವ ಪೈಕಿ ಅಂತ ಕೇಳಿ ಕೋಣೆ ಹಂಚುವುದನ್ನು ನಾವು ಕಂಡಿದ್ದೇವೆ. ಹೋಗುವುದಕ್ಕೂ ಬರುವುದಕ್ಕೂ ಎರಡಕ್ಕೂ ಅವರ ಇಷ್ಟ ಲೆಕ್ಕಕ್ಕೆ ಬಂದಾಗ ಮಾತ್ರ ಅದನ್ನು ಸ್ವಾತಂತ್ರ್ಯ ಅನ್ನೋಣ. ಅಲ್ಲಿಯವರೆಗೆ ಅದು ಎರಡು ಧಣಿಗಳ ನಡುವಿನ ಹಾದಿ.

ಈ ಎರಡೂ ನಿಜವನ್ನು ಒಟ್ಟಿಗೆ ಹಿಡಿಯುವ ಬರವಣಿಗೆ ನಮಗೆ ಬೇಕು. ದಲಿತ–ಬಂಡಾಯದ ಕಾವ್ಯ ಕೇರಿಯನ್ನು ಕನ್ನಡದ ನಡುಮನೆಗೆ ತಂದಿತು, ಅದು ಸಣ್ಣ ಸಾಧನೆಯಲ್ಲ. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದಾಗ ಕನ್ನಡದ ಕಿವಿಯೇ ಬದಲಾಯಿತು. ಆದರೆ ಕೇರಿ ಅಂದರೆ ಊರ ಹೊರಗೆ ನಿಂತ ಜಾಗ ಅನ್ನುವ ಚಿತ್ರ ಗಟ್ಟಿಯಾಗುತ್ತ ಹೋಯಿತು. ಕೇರಿ ನಡೆಯುತ್ತದೆ. ಹಂಗಾಮಿಗೆ ಎದ್ದು ನಡೆದು ಮತ್ತೆ ಬಂದು ಕೂರುತ್ತದೆ. ತಾಂಡಾಗಳ ಕಥೆಯಂತೂ ಇನ್ನೂ ಹೆಚ್ಚು. ನಮ್ಮ ಪಕ್ಕದ ಕಡೂರು ತಾಲ್ಲೂಕಿನ ತಾಂಡಾದಲ್ಲಿ ಹುಟ್ಟಿದ ಬಿ.ಟಿ. ಲಲಿತಾ ನಾಯಕ್ ಆ ಲೋಕದ ಹೆಂಗಸರನ್ನು ಕನ್ನಡಕ್ಕೆ ತಂದರು. ಅವರ ಹಿಂದೆ ಹೋಗುವವರು ಇನ್ನೂ ಬಹಳ ಮಂದಿ ಬೇಕು. ಅವ್ವನ ಬಗ್ಗೆ ಬರೆದ ಪದ್ಯಗಳಿಗೆ ನಮ್ಮಲ್ಲಿ ಬರವಿಲ್ಲ. ಅವುಗಳಲ್ಲಿ ಅವ್ವ ಸದಾ ಗುಡಿಸಲ ಮುಂದೆ ಕೂತಿರುತ್ತಾಳೆ, ಕಣ್ಣೀರು ಸುರಿಸುತ್ತಾಳೆ. ಅವಳು ಎಷ್ಟು ಕೇಜಿ ತೂಗಿದಳು, ತೂಕದ ಕಲ್ಲಿನ ಬಗ್ಗೆ ರೈಟರ ಹತ್ತಿರ ಏನಂತ ಜಗಳ ಆಡಿದಳು, ಅದು ಪದ್ಯದೊಳಗೆ ಬರುವುದಿಲ್ಲ. ಜಗಳ ಗೊತ್ತಿರುವ ಅವ್ವನನ್ನು ಬರೀ ಅಳುವ ಅವ್ವನನ್ನಾಗಿ ಮಾಡಿದರೆ ಅದೂ ಒಂದು ಥರದ ಮೇಲ್ಜಾತಿ ಕಣ್ಣೇ.

ಇನ್ನೊಂದು ಮಾತು. ಸ್ಥಾವರ, ಜಂಗಮ ಎಂಬ ಎರಡು ಪದಗಳನ್ನು ವೇದಿಕೆ ಮೇಲೆ ಹೇಳಿ ಚಪ್ಪಾಳೆ ಗಿಟ್ಟಿಸುವವರು ಬಹಳ. ಜಂಗಮ ದೊಡ್ಡದು, ಒಪ್ಪಿದೆವು. ಆದರೆ 2023ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದ್ದು ಬೇಲೂರು, ಹಳೇಬೀಡು, ಸೋಮನಾಥಪುರದ ಸ್ಥಾವರಗಳು. ಸೇರಲಿ, ಕಲ್ಲು ಕಡಿದ ಕೈಗಳೂ ನಮ್ಮಂಥವರದ್ದೇ ಇರಬೇಕು. ಬೇಲೂರು, ಹಳೇಬೀಡಿನ ದೇವಸ್ಥಾನಗಳ ಮುಂದಿನ ರಸ್ತೆಯಲ್ಲೇ ಪ್ರತಿ ವರ್ಷ ನಮ್ಮ ಪಿಕಪ್ಪುಗಳು ಕಾಫಿ ಸೀಮೆಗೆ ಹೋಗುತ್ತವೆ. ಪ್ರವಾಸಿ ಕಾರಿಗೆ ನಿಲ್ಲಲು ಜಾಗ ಇದೆ, ನೀರಿದೆ, ಶೌಚಾಲಯ ಇದೆ. ಕೇರಳದಲ್ಲಂತೂ 2021ರಲ್ಲಿ ಸರ್ಕಾರವೇ ಕಾರವಾನ್ ಪ್ರವಾಸದ ಯೋಜನೆ ತಂದಿತು: ಹಾಸಿಗೆ, ಅಡುಗೆಮನೆ, ಬಚ್ಚಲು ಇರುವ ಬಸ್ಸಿನಲ್ಲಿ ಮಲಗಿ ಊರೂರು ಸುತ್ತುವುದು. ಚಕ್ರದ ಮೇಲಿನ ಮನೆ ದುಡ್ಡಿರುವವನಿಗೆ ಬೇಕಾದರೆ ಸರ್ಕಾರ ನೀತಿ ಮಾಡುತ್ತದೆ. ಕೂಲಿಯವಳು ದಾರಿಬದಿ ಮೂರು ಕಲ್ಲು ಇಟ್ಟು ಒಲೆ ಹೂಡಿದರೆ ಎಬ್ಬಿಸಿ ಕಳಿಸುತ್ತದೆ. ಈ ವ್ಯತ್ಯಾಸ ಕಾಣದ ಯಾವ ಜಂಗಮದ ಮಾತೂ ನಮಗೆ ಬೇಡ.

ಆದ್ದರಿಂದ ಅಲೆದಾಟದ ಬಗ್ಗೆ ಬಂದ ಯಾವುದೇ ಕೃತಿಯ ಮುಂದೆ, ಅದು ಅಮೆರಿಕದ ಸಿನಿಮಾ ಆಗಲಿ ನಮ್ಮ ಗೆಳೆಯರ ಪದ್ಯವಾಗಲಿ, ನಾವು ಕೆಲವು ಪ್ರಶ್ನೆ ಇಡಬೇಕು. ಚಕ್ರ ಯಾರದು? ಮುಂಗಡ ಎಷ್ಟು, ಅದನ್ನು ತಗೊಂಡದ್ದು ಯಾವ ತಿಂಗಳು? ರಾತ್ರಿ ಬಾಗಿಲು ಒಳಗಿನಿಂದ ಹಾಕಿಕೊಳ್ಳಲು ಬರುತ್ತದೆಯೇ? ಒಲೆ ಹಚ್ಚುವವರು ಯಾರು? ಬೇಡ ಅಂದು ವಾಪಸ್ಸು ಬರಲು ಸಾಧ್ಯವೇ, ಬಂದರೆ ಎಲ್ಲಿಗೆ? ಇವು ಸಮಾಜಶಾಸ್ತ್ರದ ಪ್ರಶ್ನೆಗಳು, ವಿಮರ್ಶೆಯವಲ್ಲ ಅಂತ ಪ್ರೊಫೆಸರುಗಳು ಹೇಳಬಹುದು. 'ಚೋಮನ ದುಡಿ'ಯಲ್ಲಿ ಬೆಳ್ಳಿಯ ದಾರಿ ಕಾಣದೆ ಹೋದದ್ದು ಈ ಪ್ರಶ್ನೆಗಳನ್ನು ಕೇಳದ ವಿಮರ್ಶೆಯಿಂದಲೇ ಎಂದು ನಾವು ಉತ್ತರ ಕೊಡುತ್ತೇವೆ.

ಕೊನೆಗೆ ಹಳ್ಳಿ ಮೇಷ್ಟ್ರುಗಳಿಗೆ ಒಂದು ಮಾತು. ದೀಪಾವಳಿ ಆದ ಮೇಲೆ ನಿಮ್ಮ ಹಾಜರಿ ಪುಸ್ತಕದಲ್ಲಿ ಕೆಲವು ಹೆಸರಿನ ಮುಂದೆ ಸಾಲುಸಾಲು ಗೈರುಹಾಜರಿ ಬೀಳುತ್ತದೆ. ಆ ಹೆಸರನ್ನು ಹೊಡೆದುಹಾಕಬೇಡಿ. ಮಗು ಯುಗಾದಿಗೆ ಬಂದಾಗ ಯಾಕೆ ಬರಲಿಲ್ಲ ಅಂತ ಬೈಯುವ ಬದಲು, ಎಲ್ಲಿಗೆ ಹೋಗಿದ್ದೆ, ಏನು ನೋಡಿದೆ, ತೂಕ ಹೇಗೆ ಹಾಕ್ತಾರೆ, ಲೈನಲ್ಲಿ ಯಾರ್ಯಾರು ಇದ್ದರು ಅಂತ ಕೇಳಿ. ಅದರ ಮಾತಲ್ಲೇ ಬರೆಸಿ, ಕಾಗುಣಿತ ಆಮೇಲೆ ತಿದ್ದೋಣ. ಪ್ಲಾಂಟರ ಪುಸ್ತಕ ಬಂದು ನೂರೈವತ್ತು ವರ್ಷ ದಾಟಿತು. ಕುಯ್ದವರ ಪುಸ್ತಕ ಬರುವುದಿದ್ದರೆ ಅದು ವಿಶ್ವವಿದ್ಯಾಲಯದಿಂದ ಬರುವುದಿಲ್ಲ, ನಿಮ್ಮ ಕೊನೆ ಬೆಂಚಿನಿಂದ ಬರುತ್ತದೆ. ಬರೆದದ್ದನ್ನು ಈ ಪತ್ರಿಕೆಗೆ ಕಳಿಸಿ.